ತಟ್ಟೆ ಎಣಿಸಿ ಅಕ್ಕಿ ಹಾಕಿದ ಬೇಸಿಗೆ

2024ರ ಬೇಸಿಗೆಯಲ್ಲಿ ನನಗೆ ರಜೆ ಸಿಗಲಿಲ್ಲ. ರಾಜ್ಯದ 223 ತಾಲ್ಲೂಕುಗಳಲ್ಲಿ ಬರ ಘೋಷಣೆಯಾಗಿತ್ತು. ಅಲ್ಲೆಲ್ಲ ಏಪ್ರಿಲ್ 11ರಿಂದ ಮೇ 28ರವರೆಗೆ, ಭಾನುವಾರ ಬಿಟ್ಟು 41 ದಿನ, ಶಾಲೆ ಮಕ್ಕಳಿಗೆ ಬಿಸಿಯೂಟ ಕೊಡಬೇಕೆಂದು ಆದೇಶ ಬಂತು. ನಾನಾಗ ಚಳ್ಳಕೆರೆ ಕಡೆಯ ಹಳ್ಳಿಯೊಂದರಲ್ಲಿ ಹೆಡ್‌ಮಾಸ್ಟರ್.

ಮೊದಲು ಪೋಷಕರ ಒಪ್ಪಿಗೆ ಪತ್ರ. 64 ಮಕ್ಕಳ ಮನೆಯಿಂದ ಸಹಿ, ಹೆಬ್ಬೆಟ್ಟು ಬಂತು. ಅದೇ ಲೆಕ್ಕದಲ್ಲಿ ಮೊದಲ ದಿನ ಅಕ್ಕಿ ಹಾಕಿಸಿದೆ. ಬಂದವರು 31. ಕೆಲವರು ಅಜ್ಜಿ ಊರಿಗೆ ಹೋಗಿದ್ದರು. ಕೆಲವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟ ಅಪ್ಪ ಅಮ್ಮನ ಹಿಂದೆ. ಅರ್ಧ ಅನ್ನ ದನದ ಪಾಲಾಯಿತು. ಬರಗಾಲದಲ್ಲಿ ಅನ್ನ ಚೆಲ್ಲಿದ ಮೇಷ್ಟ್ರು ಅಂತ ಊರಲ್ಲಿ ಮಾತೂ ಆಯಿತು.

ದಾರಿ ತೋರಿಸಿದ್ದು ನಮ್ಮ ಅಡುಗೆ ಅಕ್ಕ. "ಪಟ್ಟಿ ಅತ್ಲಾಗಿಡಿ ಸಾರ್. ಹತ್ತು ಗಂಟೆಗೆ ಬೆಲ್ ಹೊಡೀರಿ. ಬರೋ ಮಕ್ಳು ತಟ್ಟೆ ಇಟ್ಟು ಆಟಕ್ಕೆ ಹೋಗ್ಲಿ. ತಟ್ಟೆ ಎಣಿಸಿ ಅಕ್ಕಿ ಹಾಕ್ತೀನಿ."

ಹಾಗೇ ಮಾಡಿದೆವು. ಜಗಲಿ ಮೇಲೆ ಸ್ಟೀಲ್ ತಟ್ಟೆಗಳ ಸಾಲು. ಮದುವೆಗೆ ಮುಯ್ಯಿ ಬಂದ ತಟ್ಟೆಗಳೇ ಜಾಸ್ತಿ, ಕೊಟ್ಟವರ ಹೆಸರು ಕೊರೆದವು. ಅದನ್ನು ಓದಿಸಿ ನೆಂಟರ ಲೆಕ್ಕ ಕೇಳುವುದೇ ನನಗೊಂದು ಆಟವಾಯಿತು. ಒಂದರಿಂದ ಐದನೇ ತರಗತಿಗೆ ತಲೆಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಆರರಿಂದ ಎಂಟಕ್ಕೆ 150 ಮತ್ತು 30. ಚಿಕ್ಕವರ ತಟ್ಟೆ 24, ದೊಡ್ಡವರದು 16 ಇದ್ದರೆ 4 ಕಿಲೋ 800 ಗ್ರಾಂ ಅಕ್ಕಿ. ಆಮೇಲೆ ಒಂದು ದಿನವೂ ಅನ್ನ ಮಿಕ್ಕಿ ಹಾಳಾಗಲಿಲ್ಲ. ತರಕಾರಿ ತುಟ್ಟಿಯಾದಾಗ ಸಾಂಬಾರಿಗೆ ನುಗ್ಗೆ ಸೊಪ್ಪು ಬಿತ್ತು. ನೀರಿಗೆ ಟ್ಯಾಂಕರ್. ಅದು ಬಾರದ ದಿನದ ಪಾಡು ಬೇಡ ಬಿಡಿ.

ಎರಡನೇ ವಾರ ಹೊಸ ಮುಖಗಳು ಬಂದವು. ಬೇರೆ ಊರಿಂದ ಅಜ್ಜಿ ಮನೆಗೆ ಬಂದ ಮಕ್ಕಳು. ನಮ್ಮ ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ತಟ್ಟೆ ಹಿಡಿದು ನಿಂತ ಮಗುವನ್ನು ಯಾವ ಶಾಲೆ ಅಂತ ಕೇಳಿ ಕಳಿಸಲಾಗುತ್ತಾ? ಬಡಿಸಿದೆವು. ಬೇರೆ ನೋಟ್‌ಬುಕ್ಕಿನಲ್ಲಿ ಹೆಸರು, ಶಾಲೆ ಬರೆದಿಟ್ಟೆ. ಏಪ್ರಿಲ್ 26ರ ಲೋಕಸಭಾ ಚುನಾವಣೆಗೆ ನಮ್ಮದೇ ಶಾಲೆ ಮತಗಟ್ಟೆ. ಆಗ ಮಾತ್ರ ಊಟ ದೇವಸ್ಥಾನದ ಅಂಗಳಕ್ಕೆ ಹೋಯಿತು.

ನಿಯಮ ಬದಲಿಸುವುದಾದರೆ ಇಲ್ಲಿಂದ ಶುರು ಮಾಡಲಿ. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಿ ಅಂತ. ಆಗ ಅದು ದೊಡ್ಡ ಮಾತೇ. ಆದರೆ ಕೂಲಿಯವರ ಮನೆಯಲ್ಲಿ ಮಳೆ ಬಂದ ವರ್ಷವೂ ಮೇ ತಿಂಗಳು ಅದೇ ಮೇ ತಿಂಗಳು. ಬರ ಘೋಷಣೆಗೆ ಕಾಯದೆ ಪ್ರತಿ ಬೇಸಿಗೆಯೂ ಊಟ ಇರಲಿ. ಒಪ್ಪಿಗೆ ಪತ್ರ ಬೇಕಿದ್ದರೆ ಇರಲಿ, ಅಕ್ಕಿಯ ಲೆಕ್ಕ ಮಾತ್ರ ಅವತ್ತಿನ ತಟ್ಟೆಯದಾಗಲಿ. ಮಗು ಎಲ್ಲಿದೆಯೋ ಅಲ್ಲೇ ಉಣ್ಣಲಿ, ಆ ಲೆಕ್ಕವನ್ನು ತಕರಾರಿಲ್ಲದೆ ಒಪ್ಪಲಿ.

ಇನ್ನೊಂದಿದೆ. ಕೇಂದ್ರದ ನಿಯಮದಲ್ಲಿ ಅಡುಗೆಯವರ ಗೌರವಧನ ವರ್ಷಕ್ಕೆ ಹತ್ತು ತಿಂಗಳದ್ದು. ಮೇ 28ರಂದು ಪಾತ್ರೆ ಬೋರಲು ಹಾಕುತ್ತಾ ಅಕ್ಕ ಕೇಳಿದರು, "ಈ ತಿಂಗ್ಳುದ್ದು ಯಾವಾಗ ಬರುತ್ತೆ ಸಾರ್?" ಕೇಳಿ ಹೇಳ್ತೀನಿ ಎಂದೆ.