ದುಡ್ಡಿನ ಲೆಕ್ಕ ಬರೆದು ಫಿಲಿಪಿನೋ ಸಿನಿಮಾ ನೋಡಿದ್ದು

ನಮ್ಮ ಊರಿನ ಚಿತ್ರ ಬಳಗದಲ್ಲಿ ಫಿಲಿಪೀನ್ಸ್ ಸಿನಿಮಾ ತೋರಿಸಿ, ಆಮೇಲೆ ಚರ್ಚೆ ನಡೆಸುವುದು ನನ್ನ ಪಾಲಿನ ಕೆಲಸ. ನೋಡಿದವರು ಸಾಮಾನ್ಯವಾಗಿ ಮೊದಲು ಕೇಳುವುದು ಒಂದೇ ಪ್ರಶ್ನೆ: ಈ ತಾಯಿ ಒಳ್ಳೆಯವಳೋ, ಕೆಟ್ಟವಳೋ? ಇಬ್ಬರು ಹೌದು ಅಂದರೆ ಇಬ್ಬರು ಅಲ್ಲ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ನಾನು ಬೋರ್ಡಿನ ಮೇಲೆ ದುಡ್ಡಿನ ಲೆಕ್ಕ ಬರೆಯಲು ಶುರು ಮಾಡಿದೆ. ಯಾರ ಕೈಯಿಂದ ಯಾರ ಕೈಗೆ ಎಷ್ಟು ಹೋಯಿತು? ಅದಕ್ಕಾಗಿ ಯಾರು ಏನು ಕಳೆದುಕೊಂಡರು? ಇಷ್ಟೇ.

ಈ ಕ್ರಮಕ್ಕೆ ಹೇಳಿ ಮಾಡಿಸಿದಂಥ ಸಿನಿಮಾ ಬ್ರಿಲಾಂಟೆ ಮೆಂಡೋಸಾ ಅವರ 2016ರ 'ಮಾ ರೋಸಾ'. ರೋಸಾಳದ್ದು ಮನಿಲಾದ ಬಡ ಬೀದಿಯಲ್ಲಿ ಒಂದು ಪುಟ್ಟ ಅಂಗಡಿ. ಅಲ್ಲಿ ಇದಕ್ಕೆ 'ಸಾರಿ ಸಾರಿ' ಅಂಗಡಿ ಅನ್ನುತ್ತಾರೆ. ಶ್ಯಾಂಪೂ ಸ್ಯಾಶೆ, ಬಿಡಿ ಸಿಗರೇಟು, ಎಲ್ಲವೂ ಚೂರುಚೂರಾಗಿ ಸಿಗುವ ಜಾಗ. ಅಷ್ಟರಲ್ಲಿ ಸಂಸಾರ ಸಾಗುವುದಿಲ್ಲ. ರೋಸಾ ಮತ್ತು ಗಂಡ ನೆಸ್ಟರ್ ಕದ್ದುಮುಚ್ಚಿ 'ಐಸ್' ಎಂಬ ಮಾದಕ ವಸ್ತುವನ್ನೂ ಮಾರುತ್ತಾರೆ. ಸಿನಿಮಾ ಶುರುವಾಗುವುದೇ ಅವಳು ಸೂಪರ್‌ಮಾರ್ಕೆಟ್ಟಿನಲ್ಲಿ ಅಂಗಡಿಗೆ ಸಾಮಾನು ಕೊಳ್ಳುವಾಗ. ಕ್ಯಾಶಿಯರ್ ಹತ್ತಿರ ಚಿಲ್ಲರೆ ಇಲ್ಲ, ಬದಲಿಗೆ ಮಿಠಾಯಿ ಕೊಡುತ್ತಾಳೆ.

ಒಮ್ಮೆ ನಾನು ಲೆಕ್ಕವನ್ನು ಪೊಲೀಸರು ಬರುವ ಜಾಗದಿಂದ ಬರೆಯಲು ಹೊರಟೆ. ಬಳಗದಲ್ಲಿ ಪೆಟ್ಟಿಗೆ ಅಂಗಡಿ ಇಟ್ಟಿರುವ ಒಬ್ಬ ಅಮ್ಮ ಇದ್ದಾರೆ. "ಮೇಷ್ಟ್ರೇ, ಆ ಮಿಠಾಯಿನೂ ಬರೀರಿ. ಅಂಗಡಿ ನಡೆಸೋರಿಗೆ ಉಳಿಯೋದೇ ಆ ಚಿಲ್ಲರೆ" ಅಂದರು. ಬರೆದೆ. ಈಗ ಎಲ್ಲಿ ತೋರಿಸಿದರೂ ಬೋರ್ಡಿನ ಮೊದಲ ಸಾಲು ಅದೇ.

ಆಮೇಲಿನ ಸಾಲುಗಳು ಭಾರ. ಯಾರೋ ಸುಳಿವು ಕೊಟ್ಟು ಪೊಲೀಸರು ಗಂಡ ಹೆಂಡತಿಯನ್ನು ಎತ್ತಿಕೊಂಡು ಹೋಗುತ್ತಾರೆ. ಠಾಣೆಯ ಹಿಂದಿನ ಕೋಣೆಯಲ್ಲಿ ಕೇಳುವುದು 2 ಲಕ್ಷ ಪೆಸೊ. ಇಲ್ಲ ಅಂದಾಗ, ಸರಕು ಕೊಡುವವನ ಹೆಸರು ಹೇಳು ಅನ್ನುತ್ತಾರೆ. ಹೆಸರು ಹೊರಬೀಳುತ್ತದೆ. ಅವನನ್ನು ಹಿಡಿದು ತಂದು ರಕ್ತ ಬರುವ ಹಾಗೆ ಹೊಡೆಯುತ್ತಾರೆ. ಅವನ ಹೆಂಡತಿ ದುಡ್ಡು ಹೊಂದಿಸಲು ಓಡಾಡಬೇಕಾಗುತ್ತದೆ. ಇಷ್ಟಾದರೂ ರೋಸಾಳ ತಲೆಯ ಮೇಲೆ ಇನ್ನೂ 50 ಸಾವಿರ ಪೆಸೊ ಉಳಿಯುತ್ತದೆ. ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು 70 ಸಾವಿರ ರೂಪಾಯಿ.

ಅದನ್ನು ತರಲು ಹೊರಡುವವರು ಮಕ್ಕಳು. ಒಬ್ಬ ಮನೆಯ ಟಿವಿ ಹೊತ್ತು ಮಾರಲು ಹೋಗುತ್ತಾನೆ. ಮಗಳು ನೆಂಟರ ಮನೆಗೆ ಹೋಗಿ, ಬೈಗುಳ ತಿಂದು ಸಾಲ ತರುತ್ತಾಳೆ. ಇನ್ನೊಬ್ಬ ಹುಡುಗ ತನ್ನ ಮೈಯನ್ನೇ ಮಾರಿಕೊಳ್ಳುತ್ತಾನೆ. ಒಬ್ಬರೂ "ಅಮ್ಮಾ, ನೀನು ಯಾಕೆ ಹೀಗೆ ಮಾಡಿದೆ" ಅಂತ ಕೂತು ಪಂಚಾಯ್ತಿ ಮಾಡುವುದಿಲ್ಲ. ಇದಕ್ಕಿಂತ ಗಟ್ಟಿ ಪ್ರೀತಿ ನಾನು ತೆರೆಯ ಮೇಲೆ ಕಂಡಿದ್ದು ಕಮ್ಮಿ. ಆದರೆ ಬೋರ್ಡು ಪೂರ್ತಿಯಾದಾಗ ಇನ್ನೊಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಈ ಮನೆ ಉಳಿಯಲು ಇನ್ನೊಂದು ಮನೆ ದಂಡ ತೆತ್ತಿದೆ. ಒಳ್ಳೆಯವಳೋ ಕೆಟ್ಟವಳೋ ಎಂಬ ಚರ್ಚೆಯಲ್ಲಿ ಆ ಪೆಟ್ಟು ತಿಂದವನ ಹೆಂಡತಿಯ ಸುದ್ದಿಯೇ ಬರುತ್ತಿರಲಿಲ್ಲ. ಲೆಕ್ಕದಲ್ಲಿ ಅವಳಿಗೂ ಒಂದು ಸಾಲು ಬಂತು.

ರೋಸಾ ಆಗಿ ನಟಿಸಿದ ಜಾಕ್ಲಿನ್ ಹೋಸೆ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಪಡೆದ ಮೊದಲ ಫಿಲಿಪಿನೋ. ಮಗಳ ಪಾತ್ರದಲ್ಲಿರುವ ಆಂಡಿ ಐಗೆನ್‌ಮನ್ ನಿಜ ಜೀವನದಲ್ಲೂ ಜಾಕ್ಲಿನ್ ಅವರ ಮಗಳೇ. ಇದನ್ನು ಚರ್ಚೆ ಮುಗಿದ ಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ಎಲ್ಲರ ಕಣ್ಣು ಅಲ್ಲೇ ನೆಡುತ್ತದೆ.

ಮೆಂಡೋಸಾ ಅವರದ್ದೇ 2009ರ 'ಲೋಲಾ' ಇನ್ನೂ ಕಷ್ಟದ ಲೆಕ್ಕ. ಇಬ್ಬರು ಬಡ ಅಜ್ಜಿಯರು. ಮೊಬೈಲ್ ಕದಿಯಲು ಬಂದವನಿಂದ ಒಬ್ಬಳ ಮೊಮ್ಮಗ ಸತ್ತಿದ್ದಾನೆ, ಇನ್ನೊಬ್ಬಳ ಮೊಮ್ಮಗ ಆ ಕೊಲೆಯ ಆರೋಪಿ. ಮಳೆ, ಬೀದಿ ತುಂಬ ನೀರು. ಒಬ್ಬಳಿಗೆ ಶವಪೆಟ್ಟಿಗೆಗೆ ದುಡ್ಡಿಲ್ಲ, ಇನ್ನೊಬ್ಬಳಿಗೆ ಮೊಮ್ಮಗನನ್ನು ಬಿಡಿಸಲು ದುಡ್ಡು ಬೇಕು. ಕೊನೆಗೆ ದುಡ್ಡು ಕೈ ಬದಲಾಗಿ ಕೇಸು ಮುಗಿಯುತ್ತದೆ. ನಡುವೆ ಇಬ್ಬರೂ ಎದುರುಬದುರು ಕೂತು ಕೈಕಾಲು ನೋವಿನ ಮಾತಾಡುವ ಒಂದು ದೃಶ್ಯವಿದೆ. "ಸತ್ತ ಮೊಮ್ಮಗನಿಗೆ ಬೆಲೆ ಕಟ್ಟಿದಳು" ಅಂತ ನಮ್ಮಲ್ಲಿ ಕೆಲವರು ಸಿಟ್ಟಾದರು. ನನಗೆ ಹಾಗೆ ಅನಿಸುವುದಿಲ್ಲ. ಮನೆಯಲ್ಲಿ ಬದುಕಿರುವವರೂ ಉಣ್ಣಬೇಕು, ಅಲ್ವಾ? ಆ ಅಜ್ಜಿಯ ದುಃಖ ಒಂದು ಚೂರೂ ಕಮ್ಮಿಯಾಗಿರಲಿಲ್ಲ.

ಲಿನೊ ಬ್ರೊಕಾ ಅವರ 1976ರ 'ಇನ್ಸಿಯಾಂಗ್' ಮಾತ್ರ ಈ ಬೋರ್ಡಿಗೆ ಒಗ್ಗುವುದಿಲ್ಲ. ಮಗಳ ಮೇಲೆ ಅತ್ಯಾಚಾರ ಮಾಡಿದ ತನ್ನ ಪ್ರಿಯಕರನ ಪರ ತಾಯಿ ನಿಲ್ಲುತ್ತಾಳೆ. ಅಲ್ಲಿ ಬಡತನದ ಜೊತೆ ಒಂಟಿತನ, ಹಳೆಯ ಸಿಟ್ಟು ಎಲ್ಲ ಸೇರಿವೆ. ಎಲ್ಲದಕ್ಕೂ ಬಡತನವೇ ಕಾರಣ ಅಂದರೆ ಬಡವರಿಗೇ ಅನ್ಯಾಯ.

ಯಾರಾದರೂ ತೋರಿಸುವುದಾದರೆ ಮೊದಲು 'ಲೋಲಾ', ಆಮೇಲೆ 'ಮಾ ರೋಸಾ' ತೋರಿಸಿ. 'ಇನ್ಸಿಯಾಂಗ್'ನಲ್ಲಿ ಏನಿದೆ ಅಂತ ಮುಂಚೆಯೇ ಹೇಳಿಬಿಡಿ, ಬೇಡ ಅನ್ನುವವರು ಎದ್ದು ಹೋಗಲಿ. ಲೆಕ್ಕವನ್ನು ಸಿನಿಮಾ ಮುಗಿದ ಮೇಲೆ, ನೆನಪಿನಿಂದಲೇ ಬರೆಸಿ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಾಳೆಯಾಗುವುದಿಲ್ಲ, ನಿಜವಾದ ಚರ್ಚೆ ಶುರುವಾಗುವುದು ಆಗಲೇ.