ಗೊಂಬೆ ಇಳಿಸುವ ಮೊದಲು ತೊಟ್ಟಿ ಉಜ್ಜಿ

ಪಿತೃಪಕ್ಷ ಮುಗಿಯುತ್ತಾ ಬಂತು ಅಂದರೆ ನಮ್ಮ ಮೈಸೂರಿನ ಮನೆಗಳಲ್ಲಿ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಯುತ್ತದೆ. ನಾನು ಮಾತ್ರ ಅದಕ್ಕೂ ಮೊದಲು ತೆಂಗಿನ ನಾರು ಹಿಡಿದು ಹಿತ್ತಲಿಗೆ ಹೋಗುತ್ತೇನೆ. ಸೊಸೆ ನಗುತ್ತಾಳೆ. ನಗಲಿ ಬಿಡಿ.

ಈ ದಿನಗಳೇ ಹಾಗೆ. ಇವತ್ತು ಮಳೆ, ನಾಳೆ ನೆತ್ತಿ ಸುಡುವ ಬಿಸಿಲು. ಡೆಂಗ್ಯೂ ಸೊಳ್ಳೆಗೆ ಇನ್ನೇನು ಬೇಕು? ಅದು ಚರಂಡಿ ಹುಡುಕಿಕೊಂಡು ಹೋಗುವುದಿಲ್ಲ. ನಾವು ಜೋಪಾನವಾಗಿ ತುಂಬಿಟ್ಟ ತಿಳಿನೀರೇ ಅದಕ್ಕೆ ಇಷ್ಟ. ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಒಂಚೂರು ಮೇಲೆ, ತೊಟ್ಟಿಯ ಗೋಡೆಗೆ ಅಂಟಿಸಿದ ಹಾಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರು ತಾಗಿದರೆ ಮತ್ತೆ ಒಡೆಯುತ್ತದೆ. ಸುಮ್ನೆ ನೀರು ಚೆಲ್ಲಿ ಮತ್ತೆ ತುಂಬಿದರೆ ಏನೂ ಉಪಯೋಗವಿಲ್ಲ. ಪಾಚಿಯ ಗೆರೆ ಕಾಣುತ್ತದಲ್ಲ, ಅಲ್ಲೇ ಒತ್ತಿ ಉಜ್ಜಬೇಕು. ಮೊಟ್ಟೆ ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಂದು ಸಲ ಅನ್ನುವುದು.

ತೊಟ್ಟಿ, ಡ್ರಮ್ಮು ಎಲ್ಲರ ಕಣ್ಣಿಗೂ ಬೀಳುತ್ತವೆ. ಫ್ರಿಜ್ಜಿನ ಹಿಂದಿನ ತಟ್ಟೆ, ಮನಿಪ್ಲಾಂಟ್ ಬಾಟಲಿ ಬೀಳುವುದಿಲ್ಲ. ನನಗೆ ಬುದ್ಧಿ ಬಂದದ್ದು ನಮ್ಮದೇ ಗೊಂಬೆ ಜೋಡಣೆಯಿಂದ. ಒಂದು ವರ್ಷ ಮೊಮ್ಮಗ ಕೆಳಗಿನ ಮೆಟ್ಟಿಲಲ್ಲಿ ಪಾರ್ಕು ಮಾಡಿದ್ದ. ರಾಗಿ ಪೈರು ಹಸಿರಾಗಿ ಎದ್ದಿತ್ತು, ನಡುವೆ ಸ್ಟೀಲ್ ತಟ್ಟೆಯ ಕೊಳ, ಅದರಲ್ಲೊಂದು ಪ್ಲಾಸ್ಟಿಕ್ ಬಾತು. ದುರ್ಗಾಷ್ಟಮಿಯ ಸಂಜೆ ಅರಿಶಿನ ಕುಂಕುಮಕ್ಕೆ ತಾಯಿಯ ಜೊತೆ ಬಂದ ಪುಟ್ಟ ಹುಡುಗಿ, "ಅಜ್ಜಿ, ನಿಮ್ಮ ಕೊಳದಲ್ಲಿ ಮೀನಿದೆ" ಅಂದಳು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಬಾತಿನ ಪಕ್ಕದಲ್ಲಿ ತಲೆಕೆಳಗಾಗಿ ಜೋತುಬಿದ್ದಿದ್ದ ಸೊಳ್ಳೆಮರಿಗಳು! ಈಗ ಕೊಳದ ಜಾಗಕ್ಕೆ ಒಡೆದ ಕನ್ನಡಿಯ ತುಂಡು ಇಡುತ್ತೇವೆ. ನೀರಿಗಿಂತ ಚೆನ್ನಾಗೇ ಕಾಣುತ್ತದೆ.

ಜ್ವರ ಬಂದರೆ ಸ್ವಂತ ವೈದ್ಯ ಬೇಡ. ಮೈಕೈ ನೋವು ಅಂತ ಆಸ್ಪಿರಿನ್ನು, ಐಬುಪ್ರೊಫೆನ್ನು ನುಂಗಿದರೆ ಡೆಂಗ್ಯೂನಲ್ಲಿ ರಕ್ತಸ್ರಾವದ ಅಪಾಯ ಜಾಸ್ತಿ. ಪ್ಯಾರಾಸಿಟಮಾಲ್, ಅದೂ ಡಾಕ್ಟರು ಹೇಳಿದ ಅಳತೆಯಲ್ಲಿ. ಗಂಜಿ, ಎಳನೀರು ಧಾರಾಳವಾಗಿ ಕೊಡಿ. ಅಮೃತಬಳ್ಳಿ ಕಷಾಯ ನಾನೂ ಮಾಡುವವಳೇ, ಆದರೆ ಅದನ್ನು ನಂಬಿಕೊಂಡು ರಕ್ತಪರೀಕ್ಷೆ ಮುಂದೂಡುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು, ಜ್ವರ ಬಿಟ್ಟಿತು ಅಂತ ನಿರಾಳವಾಗಬೇಡಿ. ಬಿಟ್ಟ ಮೇಲಿನ ಒಂದೆರಡು ದಿನವೇ ಕಣ್ಣಿಟ್ಟಿರಬೇಕಾದ್ದು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಆಗಲೇ ಆಸ್ಪತ್ರೆಗೆ ಹೊರಡಿ.

2024ರಲ್ಲಿ ನಮ್ಮ ಸರ್ಕಾರ ಸೊಳ್ಳೆ ಸಾಕುವ ಮನೆಗಳಿಗೆ ದಂಡವನ್ನೇ ಇಟ್ಟಿತು, ಪೇಟೆಯಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ದಂಡಕ್ಕಿಂತ ನವರಾತ್ರಿಯೇ ವಾಸಿ ಅನ್ನುತ್ತೇನೆ ನಾನು. ನಾವೊಬ್ಬರೇ ತೊಟ್ಟಿ ಉಜ್ಜಿದರೆ ಏನು ಬಂತು, ಸೊಳ್ಳೆಗೆ ಕಾಂಪೌಂಡ್ ಗೋಡೆ ಲೆಕ್ಕವೇ? ಬೀದಿಯ ಹೆಂಗಸರೆಲ್ಲ ಒಬ್ಬರ ಮನೆಗೊಬ್ಬರು ಹೋಗಿ ಕೂರುವುದು ವರ್ಷದಲ್ಲಿ ಈ ಒಂಬತ್ತು ಸಂಜೆ. ಉಸಲಿ ತಿನ್ನುತ್ತಾ ಮಾತು ತೆಗೆಯಬಹುದು. (ಉಸಲಿಗೆ ತೆಂಗಿನಕಾಯಿ ಕೊಡುವ ಹೊತ್ತಿಗೆ ಬೆರೆಸಿ. ಮಧ್ಯಾಹ್ನವೇ ಹಾಕಿಟ್ಟರೆ ಈ ಸೆಕೆಗೆ ಹಳಸುತ್ತದೆ.)

ಇನ್ನೊಬ್ಬರ ಮನೆಗೆ ಹೋಗಿ "ನಿಮ್ಮ ಡ್ರಮ್ಮು ಕೊಳಕಾಗಿದೆ" ಅನ್ನೋಕಾಗುತ್ತಾ? ನಾನು ನಮ್ಮನೆ ಮೀನಿನ ಕತೆ ಹೇಳುತ್ತೇನೆ. ಎಲ್ಲರೂ ನಗುತ್ತಾರೆ. ಆಮೇಲೆ ಯಾರಾದರೊಬ್ಬರು ಮೆಲ್ಲಗೆ ಎದ್ದು ಹಿತ್ತಲ ಕಡೆ ಹೋಗುತ್ತಾರೆ.