ಕೈಗವಸು ಕೊಳ್ಳುವಾಗ ಹ್ಯಾಂಡಲ್ ಹಿಡಿದು ನೋಡಿ

ಗುಡ್ಡದ ಸೈಕಲ್ ಸವಾರಿಗೆ ಕೈಗವಸು ಕೊಳ್ಳುವವರು ಕೈ ಅಗಲಿಸಿ ಅಳತೆ ನೋಡಬೇಡಿ; ಅಂಗಡಿಯಲ್ಲೇ ಒಂದು ಸೈಕಲ್ಲಿನ ಹ್ಯಾಂಡಲ್ ಹಿಡಿದು, ತೋರುಬೆರಳನ್ನು ಬ್ರೇಕಿನ ಮೇಲಿಟ್ಟು ನೋಡಿ. ಅಂಗೈಯಲ್ಲಿ ಬಟ್ಟೆ ನೆರಿಗೆಗಟ್ಟಿದರೆ ದೊಡ್ಡದಾಯಿತು. ಹೆಬ್ಬೆರಳು, ತೋರುಬೆರಳ ಸಂದಿಯಲ್ಲಿ ಎಳೆದರೆ ಚಿಕ್ಕದಾಯಿತು. ಆ ಒಂದು ನೆರಿಗೆಯೇ ಇಳಿಜಾರಿನಲ್ಲಿ ಚರ್ಮವನ್ನು ಉಜ್ಜಿ ಉಜ್ಜಿ ಬೊಬ್ಬೆ ಎಬ್ಬಿಸುತ್ತದೆ. ಅಂಗೈಯ ಮೆತ್ತೆ ದಪ್ಪವಿದ್ದಷ್ಟೂ ಒಳ್ಳೆಯದು ಎಂಬುದು ತಪ್ಪು ಲೆಕ್ಕ: ದಪ್ಪ ಮೆತ್ತೆಯ ಮೇಲಿಂದ ಹ್ಯಾಂಡಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಮುಂಗೈ ಬೇಗ ಸೋಲುತ್ತದೆ. ತೆಳು ಅಂಗೈ, ಗಾಳಿಯಾಡುವ ಬೆನ್ನು, ಬೆವರೊರೆಸಲು ಹೆಬ್ಬೆರಳ ಮೇಲೆ ಟವೆಲ್ಲಿನಂಥ ಬಟ್ಟೆ, ಇಷ್ಟಿದ್ದರೆ ನಮ್ಮ ಬಿಸಿಲಿಗೆ ಸಾಕು. ಅರ್ಧ ಬೆರಳಿನದು ಮಾತ್ರ ಖಂಡಿತ ಬೇಡ. ಹಂಪಿ ಬಳಿಯ ಆನೆಗೊಂದಿ, ಸಾಣಾಪುರದ ಕಡೆ ಬಿದ್ದರೆ ಮೊದಲು ಊರುವುದು ಕೈ, ಅಲ್ಲಿಯ ಬಂಡೆ ಉಪ್ಪುಕಾಗದದಂತೆ ಬೆರಳ ತುದಿಯ ಚರ್ಮವನ್ನು ಕಿತ್ತುಬಿಡುತ್ತದೆ. ಆದರೆ ಈ ತೆಳು ಗವಸು ಬಳ್ಳಾರಿ ಜಾಲಿಯ ಮುಳ್ಳನ್ನು ತಡೆಯುವುದಿಲ್ಲ. ಜಾಲಿ ಎರಡೂ ಬದಿಗೆ ಒತ್ತಿ ಬೆಳೆದ ಕಾಲುದಾರಿಯಲ್ಲಿ ಸೆಕೆಯಾದರೂ ಸರಿ, ಬೆರಳ ಗೆಣ್ಣುಗಳ ಮೇಲೆ ರಬ್ಬರ್ ಕವಚವಿರುವುದನ್ನೇ ಹಾಕಿಕೊಳ್ಳಿ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುವವರಿಗೂ ಈ ತೆಳು ಗವಸು ಸಾಲದು. ಅಂಗೈಯ ಬುಡದಲ್ಲಿ, ಕಿರುಬೆರಳ ಬದಿಗೆ ಹಾಯುವ ನರ ಒತ್ತುವುದರಿಂದ ಹಾಗಾಗುತ್ತದೆ. ಆ ಬದಿಗಷ್ಟೇ ಸಣ್ಣ ಮೆತ್ತೆ ಇರುವುದನ್ನು ಆರಿಸಿ, ಕೈಮೇಲೆ ಭಾರ ಬೀಳದಂತೆ ಹ್ಯಾಂಡಲಿನ ಎತ್ತರವನ್ನೂ ಸರಿಪಡಿಸಿಕೊಳ್ಳಿ.